ಶೀಟಿನ ಮೇಲೆ ಮಳೆ, ಕಿವಿಯ ಮೇಲೆ ಹೆಡ್‌ಫೋನ್: ಕೊಡಗಿನವರು ನೋಡಿ ಕೊಳ್ಳಬೇಕಾದದ್ದು

ಹೆಡ್‌ಫೋನ್ ಕೊಳ್ಳಲು ಹೋದವರು ಮೊದಲು ಕೇಳುವುದು ಕಂಪನಿ ಯಾವುದು, ರೇಟ್ ಎಷ್ಟು ಎಂದು. ಕೊಡಗಿನಲ್ಲಿ ಇದ್ದುಕೊಂಡು ಕೊಳ್ಳುವವರು ಅದಕ್ಕೂ ಮುಂಚೆ ತಮ್ಮನ್ನೇ ಒಂದು ಮಾತು ಕೇಳಿಕೊಳ್ಳಬೇಕು: ಯಾವ ಸದ್ದು ಕಿವಿಗೆ ಬೀಳಬಾರದು? ಜುಲೈಯಲ್ಲಿ ಚಾವಣಿಯ ಶೀಟಿನ ಮೇಲೆ ಸುರಿಯುವ ಮಳೆಯೇ, ಮೈಸೂರು ಬಸ್ಸಿನ ಇಂಜಿನ್ನೇ, ಪಕ್ಕದ ತೋಟದ ವೀಡ್ ಕಟರೇ, ಕರೆಂಟು ಹೋದಾಗ ಹಿತ್ತಲಲ್ಲಿ ಗುಡುಗುಡು ಎನ್ನುವ ಜನರೇಟರೇ, ಸಂಜೆಯ ಜೀರುಂಡೆಯೇ? ಈ ಐದಕ್ಕೂ ಒಂದೇ ಹೆಡ್‌ಫೋನ್ ಒಂದೇ ರೀತಿ ಕೆಲಸ ಮಾಡುವುದಿಲ್ಲ. 25 ಸಾವಿರ ಕೊಟ್ಟು ತಂದದ್ದು ಬಸ್ಸಿನಲ್ಲಿ ಚಿನ್ನ, ಶೀಟಿನ ಕೆಳಗೆ ಬರೀ ತಗಡು ಅನ್ನಿಸಿದರೆ ಹೆಡ್‌ಫೋನನ್ನು ಬೈದು ಫಲವಿಲ್ಲ. ಸದ್ದಿನ ಗುಣವೇ ಹಾಗೆ.

ಅಡ್ಡ ಹಾಕುವುದು, ಅಳಿಸುವುದು

ಹೊರಗಿನ ಸದ್ದನ್ನು ಎರಡು ರೀತಿಯಲ್ಲಿ ತಡೆಯಬಹುದು. ಒಂದು, ಕಿವಿಯ ಸುತ್ತ ದಪ್ಪ ಮೆತ್ತೆ ಇಟ್ಟು ಅಡ್ಡ ಹಾಕುವುದು. ಇದಕ್ಕೆ ಬ್ಯಾಟರಿ ಬೇಡ, ಚಿಪ್ ಬೇಡ. ಇನ್ನೊಂದು ಎಎನ್‌ಸಿ, ಅಂದರೆ ಆಕ್ಟಿವ್ ನಾಯ್ಸ್ ಕ್ಯಾನ್ಸಲೇಷನ್. ಕಿವಿ ಮುಚ್ಚುವ ಕಪ್ಪಿನ ಹೊರಗಿನ ಮೈಕ್ ಬರುತ್ತಿರುವ ಸದ್ದನ್ನು ಹಿಡಿಯುತ್ತದೆ; ಚಿಪ್ ಅದಕ್ಕೆ ತದ್ವಿರುದ್ಧವಾದ ಅಲೆ ತಯಾರಿಸಿ ಸ್ಪೀಕರಿನಿಂದ ಬಿಡುತ್ತದೆ. ಉಬ್ಬು ಇದ್ದಲ್ಲಿ ತಗ್ಗು, ತಗ್ಗು ಇದ್ದಲ್ಲಿ ಉಬ್ಬು. ಎರಡೂ ಕೂಡಿದಾಗ ಸದ್ದು ಕುಗ್ಗುತ್ತದೆ. ಕಪ್ಪಿನ ಒಳಗೂ ಒಂದು ಮೈಕ್ ಇದ್ದರೆ ಅದು ಉಳಿದ ಸದ್ದನ್ನು ಕೇಳಿ ಲೆಕ್ಕ ತಿದ್ದುತ್ತದೆ. ಒಳಗೂ ಹೊರಗೂ ಮೈಕ್ ಇರುವುದಕ್ಕೆ ಹೈಬ್ರಿಡ್ ಎಎನ್‌ಸಿ ಎನ್ನುತ್ತಾರೆ. ಕೊಳ್ಳುವುದಾದರೆ ಅದನ್ನೇ ಕೊಳ್ಳಿ.

ಇಲ್ಲಿ ಒಂದು ಮಿತಿ ಇದೆ. 100 ಹರ್ಟ್ಸ್‌ನ, ಅಂದರೆ ಸೆಕೆಂಡಿಗೆ 100 ಅಲೆಯ, ದಪ್ಪ ಸದ್ದಿನ ಒಂದು ಅಲೆ ಸುಮಾರು 3.4 ಮೀಟರ್ ಉದ್ದ. ಚಿಪ್ ಕೂದಲೆಳೆಯಷ್ಟು ತಡಮಾಡಿದರೂ ಎದುರು ಅಲೆ ಹೆಚ್ಚುಕಡಿಮೆ ಸರಿಯಾಗಿಯೇ ಕೂರುತ್ತದೆ. 5000 ಹರ್ಟ್ಸ್‌ನ ಕೀರಲು ಸದ್ದಿನ ಅಲೆ 7 ಸೆಂಟಿಮೀಟರೂ ಇಲ್ಲ. ಅಲ್ಲಿ ಅಷ್ಟೇ ತಡವಾದರೆ ತಗ್ಗು ಬೀಳಬೇಕಾದಲ್ಲಿ ಉಬ್ಬು ಬಿದ್ದು ಸದ್ದು ಹೆಚ್ಚಲೂಬಹುದು. ಆದ್ದರಿಂದ ಒಳ್ಳೆಯ ಎಎನ್‌ಸಿಯ ನಿಜವಾದ ಕೆಲಸವೆಲ್ಲ ಸುಮಾರು 1000 ಹರ್ಟ್ಸ್‌ನ ಕೆಳಗೆ. ಅದರಿಂದ ಮೇಲಕ್ಕೆ ಮೆತ್ತೆಯೇ ಗತಿ.

ಈ ತಂತ್ರ ಬೆಳೆದದ್ದೇ ಒಂದೇ ಸಮನೆ ಮೊರೆಯುವ ಸದ್ದಿನ ಸಲುವಾಗಿ. ಜರ್ಮನಿಯ ಪೌಲ್ ಲ್ಯೂಗ್ ಎದುರು ಅಲೆಯ ತತ್ತ್ವಕ್ಕೆ 1936ರಲ್ಲಿ ಅಮೆರಿಕದ ಪೇಟೆಂಟ್ ಪಡೆದಿದ್ದರು. 1978ರಲ್ಲಿ ಜ್ಯೂರಿಕ್‌ನಿಂದ ಬಾಸ್ಟನ್‌ಗೆ ಹಾರುತ್ತಿದ್ದ ಅಮರ್ ಬೋಸ್ ವಿಮಾನದ ಮೊರೆತದ ನಡುವೆ ಹೆಡ್‌ಫೋನಿನಲ್ಲಿ ಏನೂ ಸರಿಯಾಗಿ ಕೇಳದೆ, ಕೂತಲ್ಲೇ ಲೆಕ್ಕ ಹಾಕತೊಡಗಿದರು. ಬಂಗಾಳದಿಂದ ಅಮೆರಿಕಕ್ಕೆ ಹೋಗಿ ನೆಲೆಸಿದ ಸ್ವಾತಂತ್ರ್ಯ ಹೋರಾಟಗಾರರೊಬ್ಬರ ಮಗ ಇವರು. ಇವರ ಬೋಸ್ ಕಂಪನಿಯ ಪೈಲಟ್ ಹೆಡ್‌ಸೆಟ್ 1989ರಲ್ಲಿ ಮಾರುಕಟ್ಟೆಗೆ ಬಂತು. ವಿಮಾನದ ಮೊರೆತಕ್ಕೆಂದು ಕಟ್ಟಿದ್ದು ಶೀಟಿನ ಮಳೆಗೂ ಅಷ್ಟೇ ಒದಗಲಿ ಎಂದರೆ ಹೇಗೆ?

ಯಾವ ಸದ್ದಿಗೆ ಯಾವ ಮದ್ದು

ಮಡಿಕೇರಿಯಿಂದ ಮೈಸೂರಿಗೆ ಸುಮಾರು 120 ಕಿಲೋಮೀಟರ್, ಬಸ್ಸಿನಲ್ಲಿ ಮೂರು ಗಂಟೆಗೂ ಮೇಲೆ. ರೈಲು ಈ ಜಿಲ್ಲೆಗೆ ಬಂದೇ ಇಲ್ಲ, ಹಾಗಾಗಿ ದೂರ ಹೋಗುವವರಿಗೆಲ್ಲ ಡೀಸೆಲ್ ಇಂಜಿನ್ನಿನ ಸಹವಾಸ ತಪ್ಪಿದ್ದಲ್ಲ. ಆರು ಸಿಲಿಂಡರಿನ ಇಂಜಿನ್ ನಿಮಿಷಕ್ಕೆ 2000 ಸುತ್ತು ತಿರುಗುವಾಗ ಸೆಕೆಂಡಿಗೆ 100 ಸಲ ಉರಿಯುತ್ತದೆ. ಅಂದರೆ ಸದ್ದಿನ ಬುಡ ಇರುವುದು 100 ಹರ್ಟ್ಸ್‌ನಲ್ಲಿ, ಎಎನ್‌ಸಿಗೆ ಹೇಳಿ ಮಾಡಿಸಿದ ಜಾಗದಲ್ಲಿ. ಬಸ್ಸಿಗೆ ಕೊಳ್ಳುವವರು ಎಎನ್‌ಸಿಗೆ ಹಣ ಹಾಕಿದರೆ ಅದು ನಷ್ಟವಲ್ಲ. ಜನರೇಟರ್, ಫ್ರಿಜ್, ಫ್ಯಾನ್, ದೂರದಲ್ಲಿ ಓಡುತ್ತಿರುವ, ಕಾಫಿ ಹಣ್ಣು ಸುಲಿಯುವ ಪಲ್ಪರಿನ ಮೋಟರ್ ಎಲ್ಲವೂ ಇದೇ ಜಾತಿ.

ಮಳೆಯದು ಬೇರೆ ಕಥೆ. ಜಿಂಕ್ ಶೀಟಿನ ಮೇಲೆ ಬೀಳುವ ಪ್ರತಿ ಹನಿಯೂ ಬೇರೆ ಹೊತ್ತಿಗೆ, ಬೇರೆ ಜಾಗಕ್ಕೆ ಬಡಿಯುತ್ತದೆ. ಮುಂದಿನದು ಎಲ್ಲಿ, ಯಾವಾಗ ಎಂಬ ಅಂದಾಜು ಚಿಪ್ಪಿಗೆ ಸಿಗುವುದಿಲ್ಲ. ಶೀಟೇ ಅದುರಿ ಕೊಡುವ ಗುಂಯ್ ಎನ್ನುವ ಮೊರೆತ ಎಎನ್‌ಸಿಯ ಕೈಗೆ ಸಿಗುತ್ತದೆ, ಮೇಲಿನ ಪಟಪಟ ಸಿಗುವುದಿಲ್ಲ. ತಮಾಷೆಯೆಂದರೆ, ಮೊರೆತ ಹೋದ ಮೇಲೆ ಪಟಪಟ ಮೊದಲಿಗಿಂತ ಎದ್ದು ಕೇಳುತ್ತದೆ. ‘ಆನ್ ಮಾಡಿದರೆ ಮಳೆ ಜಾಸ್ತಿ ಆದ ಹಾಗಿದೆ’ ಎನ್ನುವವರ ಮಾತು ಸುಳ್ಳಲ್ಲ. ಶೀಟ್ ಮನೆಯಲ್ಲಿ ಕೂತು ಕೆಲಸ ಮಾಡುವವರು ಮೊದಲು ದಪ್ಪ ಮೆತ್ತೆಯ, ಹಿಂಬದಿ ಮುಚ್ಚಿದ, ಕಿವಿಯನ್ನು ಪೂರ್ತಿ ಸುತ್ತುವ ಹೆಡ್‌ಫೋನ್ ಹುಡುಕಬೇಕು. ಎಎನ್‌ಸಿ ಅದರ ಮೇಲಿನ ಒಗ್ಗರಣೆ. ಅಥವಾ ಫೋಮ್ ಟಿಪ್ ಹಾಕಿದ ಇಯರ್‌ಬಡ್. ಒಳಕ್ಕೆ ಸರಿಯಾಗಿ ಕೂತ ಫೋಮ್ ಟಿಪ್ ಪಟಪಟವನ್ನು ತಡೆಯುವಷ್ಟು ಯಾವ ಚಿಪ್ಪೂ ತಡೆಯಲಾರದು. ಮಂಗಳೂರು ಹೆಂಚಿನ ಕೆಳಗೆ, ಅಡಿಯಲ್ಲಿ ಮರದ ಸೀಲಿಂಗ್ ಬೇರೆ ಇದ್ದರೆ, ಕೀರಲು ಭಾಗವನ್ನು ಮನೆಯೇ ನುಂಗಿರುತ್ತದೆ. ಅಂಥವರಿಗೆ ಸಾಧಾರಣ ಎಎನ್‌ಸಿ ಸಾಕು.

ಜೀರುಂಡೆಯೂ ಮಳೆಯ ಪಟಪಟದ ಪಂಗಡವೇ, ಇನ್ನೂ ಕೀರಲು. ಎಎನ್‌ಸಿ ಅದನ್ನು ಮುಟ್ಟುವುದೇ ಇಲ್ಲ. ನಾಯಿ ಬೊಗಳುವುದು, ಪಾತ್ರೆ ಬೀಳುವುದು, ಪಕ್ಕದ ಕೋಣೆಯ ಟೀವಿ ಮಾತು ಸ್ವಲ್ಪ ಮಂಕಾಗುತ್ತವೆ, ನಿಲ್ಲುವುದಿಲ್ಲ.

ವೀಡ್ ಕಟರಿನ ವಿಷಯ ಒತ್ತಿ ಹೇಳಬೇಕು. ಪಕ್ಕದ ತೋಟದಲ್ಲಿ ಓಡುವಾಗ ಕೋಣೆಯೊಳಗೆ ಹೆಡ್‌ಫೋನ್ ಹಾಕಿಕೊಂಡರೆ ಸರಿ. ಆದರೆ ಕಟರ್ ಹಿಡಿದವರೇ ಹಾಡು ಕೇಳುವ ಹೆಡ್‌ಫೋನನ್ನು ಕಿವಿಯ ರಕ್ಷಣೆಗೆಂದು ಹಾಕಿಕೊಳ್ಳಬಾರದು. ಎರಡು ಸ್ಟ್ರೋಕಿನ ಆ ಇಂಜಿನ್ನಿನ ಸದ್ದು ಕೆಳಗಿನಿಂದ ಮೇಲಿನವರೆಗೂ ಹರಡಿರುತ್ತದೆ. ಎಎನ್‌ಸಿ ಕೆಳಗಿನದನ್ನು ತೆಗೆದು ಸದ್ದು ಕಡಿಮೆಯಾಯಿತೆಂಬ ಭ್ರಮೆ ಹುಟ್ಟಿಸುತ್ತದೆ, ಕಿವಿ ಕೆಡಿಸುವ ಮೇಲಿನ ಭಾಗ ಒಳಗೆ ಬರುತ್ತಲೇ ಇರುತ್ತದೆ. ಆ ಕೆಲಸಕ್ಕೆ ಎಷ್ಟು ಡೆಸಿಬೆಲ್ ತಡೆಯುತ್ತದೆ ಎಂದು ಪರೀಕ್ಷಿಸಿ ಬರೆದಿರುವ ಇಯರ್‌ಮಫ್ ಬೇರೆಯೇ ಸಿಗುತ್ತದೆ. ಇನ್ನೊಂದು ಎಚ್ಚರಿಕೆ: ಸಿದ್ದಾಪುರ, ವಿರಾಜಪೇಟೆ ಕಡೆಯ ತೋಟದ ದಾರಿಯಲ್ಲಿ ನಡೆಯುವಾಗ ಎಎನ್‌ಸಿ ಬೇಡವೇ ಬೇಡ. ಆನೆ ಇರುವುದು ಗೊತ್ತಾಗುವುದು ಕೊಂಬೆ ಮುರಿಯುವ ಸದ್ದಿನಿಂದ. ಹೊರಗಿನ ಸದ್ದು ಒಳಗೆ ಬಿಡುವ ಟ್ರಾನ್ಸ್‌ಪರೆನ್ಸಿ ಮೋಡ್ ಇದೆಯಲ್ಲ ಎನ್ನಬೇಡಿ. ಅದರಲ್ಲಿ ಸದ್ದು ಕೇಳಿದರೂ ಯಾವ ದಿಕ್ಕಿನಿಂದ ಬಂತು ಎಂಬುದು ತಪ್ಪಿಹೋಗಬಹುದು.

ಪೆಟ್ಟಿಗೆಯ ಮೇಲಿನ ಮಾತುಗಳಲ್ಲಿ ಎರಡನ್ನು ನಂಬುವ ಮುನ್ನ ಯೋಚಿಸಿ. ‘ಇಎನ್‌ಸಿ’ ಎಂದು ದೊಡ್ಡ ಅಕ್ಷರದಲ್ಲಿ ಬರೆದಿದ್ದರೆ ಅದು ನಿಮ್ಮ ಕಿವಿಗಲ್ಲ, ಫೋನಿನ ಆ ಕಡೆ ಇರುವವರ ಕಿವಿಗೆ. ನಿಮ್ಮ ಮೈಕಿಗೆ ಬೀಳುವ ಗದ್ದಲವನ್ನು ಅದು ಸೋಸುತ್ತದೆ, ಅಷ್ಟೆ. ಸಾವಿರ ರೂಪಾಯಿಯ ಬಡ್ಸ್ ಕೊಂಡು ‘ನಾಯ್ಸ್ ಕ್ಯಾನ್ಸಲೇಷನ್ ಕೆಲಸ ಮಾಡ್ತಿಲ್ಲ’ ಎಂದು ದೂರುವವರಲ್ಲಿ ಹೆಚ್ಚಿನವರು ಎಡವುವುದು ಇಲ್ಲೇ. ಎರಡನೆಯದು ‘50 ಡೆಸಿಬೆಲ್ ವರೆಗೆ’ ಎಂಬ ಅಂಕಿ. ಯಾವುದೋ ಒಂದು ಹರ್ಟ್ಸ್‌ನಲ್ಲಿ ಸಿಕ್ಕಿದ ಅತಿ ಹೆಚ್ಚಿನ ಸಂಖ್ಯೆ ಅದು, ಎಲ್ಲ ಸದ್ದಿಗೂ ಅನ್ವಯಿಸುವುದಿಲ್ಲ. 10 ಡೆಸಿಬೆಲ್ ಇಳಿದರೆ ಕಿವಿಗೆ ಸದ್ದು ಸುಮಾರು ಅರ್ಧವಾದ ಹಾಗೆ ಕೇಳುತ್ತದೆ ಎಂಬ ಅಂದಾಜು ಇಟ್ಟುಕೊಂಡರೆ ಸಾಕು.

ನೀವು ಕೊಳ್ಳುತ್ತಿರುವುದು ಮೆತ್ತೆಯನ್ನು

ಹೆಡ್‌ಫೋನಿನಲ್ಲಿ ಅತಿ ಮುಖ್ಯ ಭಾಗ ಸ್ಪೀಕರ್ ಎಂದು ಎಲ್ಲರೂ ತಿಳಿದಿರುತ್ತಾರೆ. ಮೆತ್ತೆ ಎನ್ನುವುದು ಸತ್ಯಕ್ಕೆ ಹತ್ತಿರ. ಮೆತ್ತೆ ಮತ್ತು ಚರ್ಮದ ನಡುವೆ ಬೆಂಕಿಕಡ್ಡಿ ತೂರುವಷ್ಟು ಸಂದು ಉಳಿದರೂ ಮೃದಂಗದ ತೊಪ್ಪಿಯ ದಪ್ಪ ಸದ್ದು ಅಲ್ಲಿಂದಲೇ ಸೋರಿಹೋಗುತ್ತದೆ, ಅದೇ ಸಂದಿನಿಂದ ಬಸ್ಸಿನ ಮೊರೆತ ಒಳಗೆ ಬರುತ್ತದೆ. ಮೆತ್ತೆ ಸರಿಯಾಗಿ ಕೂರದಿದ್ದರೆ ನೋವು, ಸಪ್ಪೆ ಹಾಡು, ಸೋತ ಎಎನ್‌ಸಿ, ಮೂರೂ ಒಟ್ಟಿಗೇ ಬರುತ್ತವೆ.

ಮೊದಲು ಕಿವಿ ಅಳೆಯಿರಿ. ಒಂದು ಸ್ಕೇಲು, ಹಿಡಿಯಲು ಮನೆಯವರೊಬ್ಬರು ಸಾಕು. ಕಿವಿಯ ಮೇಲ್ತುದಿಯಿಂದ ಹಾಲೆಯ ಕೆಳತುದಿಯವರೆಗೆ ಉದ್ದ, ಅಡ್ಡಕ್ಕೆ ಅಗಲ, ತಲೆಯಿಂದ ಕಿವಿ ಎಷ್ಟು ಹೊರಚಾಚಿದೆ ಎಂಬುದು, ಮೂರನ್ನೂ ಬರೆದುಕೊಳ್ಳಿ. ದೊಡ್ಡವರಲ್ಲಿ ಸಾಮಾನ್ಯವಾಗಿ ಉದ್ದ 60ರಿಂದ 70 ಮಿಲಿಮೀಟರ್, ಅಗಲ 30ರಿಂದ 40, ಚಾಚು 20ರ ಆಸುಪಾಸು ಬರುತ್ತದೆ. ಮೆತ್ತೆಯ ಒಳಬಾಯಿ ಉದ್ದ-ಅಗಲಗಳಲ್ಲಿ ನಿಮ್ಮ ಕಿವಿಗಿಂತ ಕನಿಷ್ಠ 5 ಮಿಲಿಮೀಟರ್ ದೊಡ್ಡದಿರಲಿ. ಆಳವನ್ನು ಯಾರೂ ನೋಡುವುದಿಲ್ಲ, ಆದರೆ ನೋವು ಬರುವುದು ಅಲ್ಲಿಂದ. ಕಿವಿಯ ಅಂಚು ಒಳಗಿನ ಬಟ್ಟೆಗೆ ತಗುಲಿದರೆ ಮೊದಲ ಹತ್ತು ನಿಮಿಷ ಏನೂ ಅನ್ನಿಸದು. ಬಸ್ಸು ಕುಶಾಲನಗರ ದಾಟುವ ಹೊತ್ತಿಗೆ ಅಲ್ಲಿ ಕೆಂಡ ಇಟ್ಟ ಹಾಗಾಗುತ್ತದೆ. ‘ಆನ್-ಇಯರ್’ ಎಂದು ಕರೆಯುವ, ಕಿವಿಯ ಮೇಲೆಯೇ ಕೂರುವ ಸಣ್ಣ ಮೆತ್ತೆಯವನ್ನು ಈ ಕಾರಣಕ್ಕೇ ದೂರ ಇಡುವುದು ಒಳ್ಳೆಯದು.

ಇನ್ನು ಸೋರಿಕೆಯ ಪರೀಕ್ಷೆ. ದಪ್ಪ ಸದ್ದು ಧಾರಾಳವಾಗಿರುವ ರೆಕಾರ್ಡಿಂಗ್ ಹಾಕಿ, ಎರಡು ಅಂಗೈಯಿಂದ ಎರಡು ಕಪ್ಪನ್ನೂ ಮೆಲ್ಲಗೆ ಒತ್ತಿ. ಒತ್ತಿದಾಗ ತೊಪ್ಪಿಯ ಸದ್ದು ಥಟ್ಟನೆ ಹೆಚ್ಚಾಯಿತೆ? ಹಾಗಾದರೆ ಒತ್ತದೆ ಇರುವಾಗ ಎಲ್ಲೋ ಸೋರುತ್ತಿದೆ. ಬೆರಳನ್ನು ಮೆತ್ತೆಯ ಅಂಚಿನಲ್ಲಿ ಸುತ್ತ ಆಡಿಸಿ. ಹೆಚ್ಚಿನವರಿಗೆ ಸಂದು ಸಿಗುವುದು ಕಿವಿಯ ಹಿಂದೆ ಕೆಳಗೆ, ದವಡೆ ಮುಗಿದು ಕುತ್ತಿಗೆ ಶುರುವಾಗುವ ಗುಳಿಯಲ್ಲಿ. ಕಪ್ ಎರಡು ದಿಕ್ಕಿಗೂ ವಾಲುವಂತಿದ್ದರೆ ಈ ಗುಳಿ ಮುಚ್ಚುತ್ತದೆ, ಒಂದೇ ದಿಕ್ಕಿಗೆ ತಿರುಗುವುದಾದರೆ ಇಲ್ಲ.

ಕನ್ನಡಕ ಹಾಕುವವರು ಇದೇ ಪರೀಕ್ಷೆಯನ್ನು ಕನ್ನಡಕ ಹಾಕಿ ಒಮ್ಮೆ, ತೆಗೆದು ಒಮ್ಮೆ ಮಾಡಬೇಕು. ದಪ್ಪ ಪ್ಲಾಸ್ಟಿಕ್ ಕಡ್ಡಿ ಮೆತ್ತೆಯನ್ನು ಎತ್ತಿ ಹಿಡಿಯುತ್ತದೆ; ತೆಳು ಲೋಹದ ಕಡ್ಡಿಗೆ ಮೃದು ಫೋಮು ಸುತ್ತಿಕೊಂಡು ಕೂರುತ್ತದೆ. ಬೆರಳಿನಿಂದ ಒತ್ತಿ ಬಿಟ್ಟಾಗ ಮೆಲ್ಲಗೆ ಮೇಲೇಳುವ ಫೋಮು ಒಳ್ಳೆಯದು, ಸ್ಪಂಜಿನ ಹಾಗೆ ಪುಟಿದೇಳುವುದು ಕನ್ನಡಕದವರಿಗೆ ಆಗಿಬರುವುದಿಲ್ಲ. ಓಲೆ ಹಾಕುವವರಿಗೆ ತೊಂದರೆ ಕೊಡುವುದು ಓಲೆಯಲ್ಲ, ಹಿಂದಿನ ತಿರುಪು. ಮೆತ್ತೆ ಹಾಲೆಯನ್ನು ಒತ್ತಿದಾಗ ತಿರುಪಿನ ತುದಿ ಕುತ್ತಿಗೆಗೆ ಚುಚ್ಚುತ್ತದೆ. ಚಪ್ಪಟೆ ತಿರುಪು ಹಾಕಿಕೊಳ್ಳಿ, ಇಲ್ಲವೆ ಕಪ್ ದೊಡ್ಡದಿರಲಿ.

ಡಿಸೆಂಬರಿನ ಬೆಳಗ್ಗೆ ಮಂಕಿ ಟೋಪಿಯ ಮೇಲೆ ಹೆಡ್‌ಫೋನ್ ಹಾಕಿದರೆ ಉಣ್ಣೆಯ ಎಳೆಗಳ ನಡುವೆಯೇ ಎಲ್ಲ ಸೋರುತ್ತದೆ. ಟೋಪಿಯನ್ನು ಹೆಡ್‌ಫೋನಿನ ಮೇಲೆ ಎಳೆದುಕೊಂಡರೆ ಹೊರಗಿನ ಮೈಕ್ ಮುಚ್ಚಿಹೋಗಿ ಉಜ್ಜಿದ ಸದ್ದು ಬರುತ್ತದೆ, ಟ್ರಾನ್ಸ್‌ಪರೆನ್ಸಿ ಮೋಡಿನಲ್ಲಿ ಕುಂಯ್ ಎಂದು ಕೂಗಲೂಬಹುದು. ಟೋಪಿಯ ಅಂಚನ್ನು ಕಿವಿಯ ಮೇಲಕ್ಕೆ ಮಡಿಸಿ, ಕಪ್ಪನ್ನು ಬರಿ ಚರ್ಮದ ಮೇಲೆ ಕೂರಿಸುವುದೊಂದೇ ದಾರಿ. ಕಪ್ಪೇ ಕಿವಿಯನ್ನು ಬೆಚ್ಚಗಿಡುತ್ತದೆ.

ತೂಕದ ವಿಷಯಕ್ಕೆ ಬಂದರೆ, ಸೋನಿ ಡಬ್ಲ್ಯೂಎಚ್-1000ಎಕ್ಸ್‌ಎಂ4 ತೂಗುವುದು 254 ಗ್ರಾಂ, ಎಕ್ಸ್‌ಎಂ5 250 ಗ್ರಾಂ, ಆ್ಯಪಲ್‌ನ ಏರ್‌ಪಾಡ್ಸ್ ಮ್ಯಾಕ್ಸ್ ಸುಮಾರು 385 ಗ್ರಾಂ. ಮೂರು ಗಂಟೆ ಕೂರುವವರಿಗೆ 260 ಗ್ರಾಂ ಒಳಗಿನದು ಕ್ಷೇಮ. 300 ದಾಟಿದರೆ, ಅದೂ ಲ್ಯಾಪ್‌ಟಾಪಿಗೆ ಬಗ್ಗಿ ಕೂರುವವರಿಗೆ, ಕುತ್ತಿಗೆ ಹೇಳುತ್ತದೆ. ಒಂದೇ ತೂಕದ ಎರಡರಲ್ಲಿ ನೆತ್ತಿಯ ಪಟ್ಟಿ ಅಗಲವಾಗಿರುವುದನ್ನೇ ಆರಿಸಿ.

ಹಿಡಿತ ಬಿಗಿಯಾದರೆ ಕೆನ್ನೆಯ ಕೀಲು, ಕಣತಲೆ ನೋಯುತ್ತವೆ. ಸಡಿಲವಾದರೆ ಸೋರುತ್ತದೆ. ತಲೆ ಬಗ್ಗಿಸಿ ಮೂರು ಸಲ ಇಲ್ಲ-ಇಲ್ಲ ಎಂದು ಅಲ್ಲಾಡಿಸಿ: ಜಾರಿದರೆ ಸಡಿಲ, ಜಾರದೆ ಅರ್ಧ ಗಂಟೆ ನೋಯದಿದ್ದರೆ ಸರಿ. ಹೊಸದು ಕೆಲವು ವಾರಗಳಲ್ಲಿ ಸ್ವಲ್ಪ ಸಡಿಲಾಗುತ್ತದೆ ನಿಜ, ಆದರೆ ಅಂಗಡಿಯಲ್ಲೇ ನೋಯುವುದನ್ನು ಆ ಭರವಸೆಯ ಮೇಲೆ ತರಬೇಡಿ. ಬಿಗಿ ಇಳಿಸಬೇಕಿದ್ದರೆ ತಲೆಯ ಅಗಲಕ್ಕಿಂತ ಒಂದೆರಡು ಸೆಂಟಿಮೀಟರ್ ಹೆಚ್ಚಿರುವ ಪುಸ್ತಕದ ಕಟ್ಟಿಗೆ ಸಿಕ್ಕಿಸಿ ಒಂದು ರಾತ್ರಿ ಬಿಡಬಹುದು. ಸ್ಟೀಲ್ ಪಟ್ಟಿ ಇರುವುದಕ್ಕೆ ಮಾತ್ರ ಈ ಉಪಾಯ. ಮಡಚುವ ಪ್ಲಾಸ್ಟಿಕ್ ಕೀಲಿನದಕ್ಕೆ ಮಾಡಿದರೆ ಬೆಳಗ್ಗೆ ಎರಡು ತುಂಡು ಸಿಗುತ್ತದೆ.

ಇಯರ್‌ಬಡ್‌ಗೂ ನಿಯಮ ಅದೇ, ಮೆತ್ತೆಯ ಬದಲು ರಬ್ಬರ್ ಟಿಪ್. ಪೆಟ್ಟಿಗೆಯಲ್ಲಿ ಬರುವ ಮೂರು ಅಳತೆಯಲ್ಲಿ ಮಧ್ಯದ್ದನ್ನೇ ಹಾಕಿಕೊಂಡು ಸುಮ್ಮನಾಗುವವರೇ ಜಾಸ್ತಿ. ಎದುರು ಕೈಯನ್ನು ತಲೆಯ ಹಿಂದಿನಿಂದ ತಂದು ಕಿವಿಯನ್ನು ಮೇಲಕ್ಕೂ ಹಿಂದಕ್ಕೂ ಎಳೆಯಿರಿ, ಬಡ್ಡನ್ನು ತೂರಿಸಿ ಸ್ವಲ್ಪ ತಿರುಗಿಸಿ, ಬಾಯಿ ಒಮ್ಮೆ ತೆರೆದು ಮುಚ್ಚಿ. ಈಗ ಬಾಯಿ ಮುಚ್ಚಿಕೊಂಡು ‘ಮ್’ ಎನ್ನಿ. ನಿಮ್ಮದೇ ದನಿ ತಲೆಯೊಳಗೆ ಗುಂಯ್‌ಗುಟ್ಟಿದರೆ ಟಿಪ್ ಕೂತಿದೆ. ಒಂದು ಕಿವಿಯಲ್ಲಿ ಗುಂಯ್‌ಗುಟ್ಟಿ ಇನ್ನೊಂದರಲ್ಲಿ ಇಲ್ಲವಾದರೆ ಆ ಕಿವಿಗೆ ಬೇರೆ ಅಳತೆ ಹಾಕಿ. ಎರಡು ಕಿವಿಯ ರಂಧ್ರ ಒಂದೇ ಅಳತೆ ಇರಬೇಕೆಂದೇನೂ ಇಲ್ಲ. ಮಡಿಕೇರಿ ಸಮುದ್ರ ಮಟ್ಟದಿಂದ ಸುಮಾರು 1150 ಮೀಟರ್ ಮೇಲಿದೆ. ಸಂಪಾಜೆ ಘಾಟಿ ಇಳಿಯುವಾಗ ಬಿಗಿಯಾದ ಟಿಪ್ ಹಾಕಿಕೊಂಡಿದ್ದರೆ ಅದರ ಹಿಂದೆ ಗಾಳಿ ಸಿಕ್ಕಿಕೊಂಡು ಕಿವಿ ಇನ್ನಷ್ಟು ಕಟ್ಟುತ್ತದೆ. ಬಡ್ಸ್ ತೆಗೆದು ಎಂಜಲು ನುಂಗಿ, ಆಮೇಲೆ ಹಾಕಿ.

ಎಎನ್‌ಸಿ ಆನ್ ಮಾಡಿದ ತಕ್ಷಣ ಕೆಲವರಿಗೆ ಕಿವಿ ಹೀರಿಕೊಂಡ ಹಾಗೆ, ತಲೆ ತಿರುಗಿದ ಹಾಗೆ ಆಗುತ್ತದೆ. ನಿಜವಾಗಿ ಒತ್ತಡವೇನೂ ಬದಲಾಗಿರುವುದಿಲ್ಲ. ದಪ್ಪ ಸದ್ದು ಹೋಗಿ ಕೀರಲು ಸದ್ದು ಮಾತ್ರ ಉಳಿದಾಗ ಮೆದುಳು ಹಾಗೆ ಅರ್ಥ ಮಾಡಿಕೊಳ್ಳುತ್ತದೆ. ಘಾಟಿಯ ತಿರುವಿಗೇ ವಾಂತಿ ಬರುವವರು ಎಎನ್‌ಸಿ ಮಟ್ಟವನ್ನು ಆ್ಯಪ್‌ನಲ್ಲಿ ಕಡಿಮೆ ಮಾಡಬಹುದಾದ ಮಾದರಿಯನ್ನೇ ನೋಡುವುದು ಲೇಸು.

ಹಾಡು ಹೇಗೆ ಕೇಳುತ್ತದೆ

‘20ರಿಂದ 20,000 ಹರ್ಟ್ಸ್’ ಎಂಬ ಸಾಲಿನಿಂದ ಏನೂ ತಿಳಿಯುವುದಿಲ್ಲ, ಅಗ್ಗದ ಪೆಟ್ಟಿಗೆಯ ಮೇಲೂ ಅದೇ ಇರುತ್ತದೆ. ಒಳಗಿನ ಸ್ಪೀಕರಿನ ಅಳತೆ ಹೇಳುವ ‘40 ಎಂಎಂ ಡ್ರೈವರ್’ ಕೂಡ ಹಾಗೆಯೇ. ಎಕ್ಸ್‌ಎಂ4ನಲ್ಲಿ 40 ಎಂಎಂ ಇದ್ದದ್ದನ್ನು ಸೋನಿ ಎಕ್ಸ್‌ಎಂ5ನಲ್ಲಿ 30ಕ್ಕೆ ಇಳಿಸಿತು, ಅದರಿಂದ ಅದೇನೂ ಕೆಳದರ್ಜೆಯದಾಗಲಿಲ್ಲ.

ಕೇಳಿಯೇ ನೋಡಬೇಕು, ಅದೂ ನಿಮಗೆ ಬಾಯಿಪಾಠವಾಗಿರುವುದನ್ನು. ಅಂಗಡಿಯವರು ಹಾಕುವ ಡೆಮೊ ಹಾಡು ಎಲ್ಲ ಹೆಡ್‌ಫೋನಿನಲ್ಲೂ ಚೆನ್ನಾಗಿಯೇ ಕೇಳುತ್ತದೆ, ಅದಕ್ಕೇ ಅದನ್ನು ಹಾಕುವುದು. ಫೋನಿನಲ್ಲಿ ಮೂರು ಕಡತ ಡೌನ್‌ಲೋಡ್ ಮಾಡಿಕೊಂಡು ಹೋಗಿ. ಮೊದಲನೆಯದು ದುಡಿಕೊಟ್ಟ್ ಪಾಟ್‌ನ, ಅಂದರೆ ದುಡಿ ಎಂಬ ಪುಟ್ಟ ಚರ್ಮವಾದ್ಯ ಬಾರಿಸುತ್ತಾ ಕೊಡವರು ಹಾಡುವ ಹಾಡಿನ, ಒಂದು ಒಳ್ಳೆಯ ರೆಕಾರ್ಡಿಂಗ್. ನಾಲ್ವರು ದುಡಿ ಬಾರಿಸುತ್ತಾ ಹಾಡುವಾಗ ದುಡಿಗಳನ್ನು ಒಂದೊಂದಾಗಿ ಎಣಿಸಲು ಆಗಬೇಕು, ಹಾಡುವವರ ಸೊಲ್ಲು ದುಡಿಯ ಪೆಟ್ಟಿನಡಿ ಮುಚ್ಚಿಹೋಗಬಾರದು. ಎಲ್ಲವೂ ಕಲಸಿ ಒಂದೇ ‘ಢಂ’ ಆದರೆ ಬೇಸ್, ಅಂದರೆ ದಪ್ಪ ಸದ್ದು, ಉಬ್ಬಿಸಿದ ಹೆಡ್‌ಫೋನ್ ಅದು. ಎರಡನೆಯದು ವಾಲಗ. ಊದುವ ವಾದ್ಯದ ಎತ್ತರದ ಸ್ವರ ಕಿವಿಗೆ ಸೂಜಿಯಂತೆ ಚುಚ್ಚಿದರೆ ಮೇಲಿನ ಭಾಗ ಹೆಚ್ಚಾಗಿದೆ, ಅರ್ಧ ಗಂಟೆಗೆ ದಣಿವಾಗುತ್ತದೆ. ಮೂರನೆಯದು ಬರೀ ಮಾತು, ರೇಡಿಯೊ ವಾರ್ತೆಯಂಥದ್ದು. ಓದುವವರು ಮಡಕೆಯೊಳಗಿಂದ ಮಾತಾಡಿದ ಹಾಗಿದ್ದರೆ ಬಿಟ್ಟುಬಿಡಿ, ಹಾಡೂ ಹಾಗೆಯೇ ಕೇಳುತ್ತದೆ.

ಎರಡನ್ನು ಹೋಲಿಸುವಾಗ ವಾಲ್ಯೂಮ್ ಸಮವಾಗಿರಲಿ. ಸ್ವಲ್ಪ ಜೋರಾಗಿ ಕೇಳುವುದೇ ಚೆನ್ನಾಗಿದೆ ಎಂದು ಕಿವಿ ಪ್ರತಿ ಸಲವೂ ಮೋಸಹೋಗುತ್ತದೆ. ಎಎನ್‌ಸಿ ಆನ್ ಮತ್ತು ಆಫ್ ಎರಡರಲ್ಲೂ ಕೇಳಿ, ಕೆಲವು ಮಾದರಿಗಳಲ್ಲಿ ಹಾಡಿನ ಬಣ್ಣವೇ ಬದಲಾಗುತ್ತದೆ.

ಕೋಡೆಕ್, ಅಂದರೆ ಬ್ಲೂಟೂತಿನಲ್ಲಿ ಹಾಡನ್ನು ಕುಗ್ಗಿಸಿ ಕಳಿಸುವ ವಿಧಾನದ ಬಗ್ಗೆ ಅತಿಯಾಗಿ ತಲೆ ಕೆಡಿಸಿಕೊಳ್ಳುವುದು ಬೇಡ. ಐಫೋನ್ ಕೊಡುವುದು ಎಎಸಿ, ಎಲ್‌ಡಿಎಸಿ ಅದರಲ್ಲಿ ಇಲ್ಲ. ಆಂಡ್ರಾಯ್ಡ್ 8ರಿಂದ ಈಚಿನ ಹೆಚ್ಚಿನ ಫೋನುಗಳಲ್ಲಿ ಎಲ್‌ಡಿಎಸಿ ಇದೆ, ಗರಿಷ್ಠ ಸೆಕೆಂಡಿಗೆ 990 ಕಿಲೋಬಿಟ್. ಫೋನ್ ಜೇಬಿನಲ್ಲಿದ್ದು ಸಿಗ್ನಲ್ ತಡವರಿಸಿದರೆ 660ಕ್ಕೋ 330ಕ್ಕೋ ತಾನೇ ಇಳಿಯುತ್ತದೆ. ಸರಿಯಾಗಿ ಕೂರದ ಮೆತ್ತೆ ಮಾಡುವ ಹಾನಿಯ ಮುಂದೆ ಈ ವ್ಯತ್ಯಾಸ ಏನೇನೂ ಅಲ್ಲ.

ಮನೆಯಿಂದಲೇ ಕೆಲಸ ಮಾಡುವವರನ್ನು ಕಾಡುವ ತೊಂದರೆ ಬೇರೆ. ಹಾಡು ಚೆನ್ನಾಗಿ ಕೇಳುತ್ತಿರುತ್ತದೆ, ಮೀಟಿಂಗ್ ಶುರುವಾದೊಡನೆ ಎಲ್ಲ ಹಳೆಯ ಲ್ಯಾಂಡ್‌ಲೈನಿನ ಹಾಗಾಗುತ್ತದೆ. ಹೆಡ್‌ಫೋನ್ ಕೆಟ್ಟಿಲ್ಲ. ಅದರ ಮೈಕನ್ನು ಬಳಸಿದ ಕೂಡಲೇ ಬ್ಲೂಟೂತ್ ಸಾಮಾನ್ಯವಾಗಿ ಫೋನ್ ಕರೆಯ ಮೋಡಿಗೆ ಹೊರಳುತ್ತದೆ, ಅಲ್ಲಿ ಸ್ಯಾಂಪಲಿಂಗ್, ಅಂದರೆ ಸದ್ದನ್ನು ಸೆಕೆಂಡಿಗೆ ಎಷ್ಟು ಸಲ ಅಳೆಯುತ್ತದೆ ಎಂಬುದು, 16 ಕಿಲೋಹರ್ಟ್ಸ್, ಹಳೆಯದಾದರೆ 8. ಮೀಟಿಂಗ್ ಸೆಟ್ಟಿಂಗ್‌ನಲ್ಲಿ ಸ್ಪೀಕರ್ ಎಂದಿರುವಲ್ಲಿ ಹೆಡ್‌ಫೋನ್, ಮೈಕ್ ಎಂದಿರುವಲ್ಲಿ ಲ್ಯಾಪ್‌ಟಾಪಿನದೇ ಮೈಕ್ ಆರಿಸಿದರೆ ಸರಿಹೋಗುತ್ತದೆ. ಆದರೆ ಶೀಟಿನ ಕೆಳಗೆ ಲ್ಯಾಪ್‌ಟಾಪಿನ ಮೈಕ್ ಮಳೆಯನ್ನೇ ಮೊದಲು ಹಿಡಿಯುತ್ತದೆ. ದಿನವಿಡೀ ಕರೆಯಲ್ಲಿರುವವರು ಬಾಯಿಯ ಪಕ್ಕಕ್ಕೆ ಕಡ್ಡಿಯಂತೆ ಮೈಕ್ ಬರುವ ಯುಎಸ್‌ಬಿ ಹೆಡ್‌ಸೆಟ್ ಕೊಳ್ಳಲಿ. ತುಟಿಯ ಕೊನೆಯಿಂದ ಎರಡು ಬೆರಳು ದೂರ, ಉಸಿರು ನೇರ ಬಡಿಯದ ಹಾಗೆ ಪಕ್ಕಕ್ಕೆ. ನೋಡಲು ಕಾಲ್ ಸೆಂಟರಿನ ಹಾಗಿರುತ್ತದೆ, ಕೆಲಸ ಅದೇ ಮಾಡುತ್ತದೆ.

ಕೈಯಲ್ಲಿ 3000ದ ಆಸುಪಾಸು ಮಾತ್ರ ಇದ್ದರೆ ಎಎನ್‌ಸಿ ಆಸೆ ಬಿಟ್ಟು ವೈರ್ ಇರುವ, ಹಿಂಬದಿ ಮುಚ್ಚಿದ ಒಳ್ಳೆಯ ಹೆಡ್‌ಫೋನ್ ಕೊಳ್ಳುವುದೇ ಜಾಣತನ. ಫೋನಿಗೆ ನೇರ ಹಾಕುವುದಾದರೆ ಇಂಪೀಡೆನ್ಸ್, ಅಂದರೆ ಕರೆಂಟಿಗೆ ಅದು ಒಡ್ಡುವ ತಡೆ, 16ರಿಂದ 40 ಓಮ್ ಒಳಗಿರಲಿ; ಬೇಯರ್‌ಡೈನಾಮಿಕ್ ಡಿಟಿ 770 ಪ್ರೊ ತರಹದವು 32, 80, 250 ಓಮ್‌ಗಳಲ್ಲಿ ಬರುತ್ತವೆ, ತಿಳಿಯದೆ 250ರದ್ದು ತಂದರೆ ಫೋನಿನಲ್ಲಿ ಸದ್ದೇ ಏಳುವುದಿಲ್ಲ. ಮಳೆಗಾಲದಲ್ಲಿ ಎರಡು ದಿನ ಕರೆಂಟು ಇಲ್ಲದಾಗ ಚಾರ್ಜ್ ಬೇಡದ ಈ ವೈರೇ ಕೈಹಿಡಿಯುವುದು. ಬ್ಲೂಟೂತ್ ಹೆಡ್‌ಫೋನ್ ಕೊಳ್ಳುವವರೂ ಬ್ಯಾಟರಿ ಸತ್ತ ಮೇಲೆ ವೈರಿನಲ್ಲಿ ಕೆಲಸ ಮಾಡುತ್ತದೆಯೇ ಎಂದು ಕೇಳಿ. ಎಕ್ಸ್‌ಎಂ4 ಮಾಡುತ್ತದೆ, ಏರ್‌ಪಾಡ್ಸ್ ಮ್ಯಾಕ್ಸ್ ಮಾಡುವುದಿಲ್ಲ.

ಹಿಂಬದಿ ತೆರೆದ ಹೆಡ್‌ಫೋನ್ ಎಂಬ ಜಾತಿಯೂ ಇದೆ. ಸೆನ್‌ಹೈಸರ್ 1968ರಲ್ಲಿ ಎಚ್‌ಡಿ 414ರಿಂದ ಅದನ್ನು ಶುರುಮಾಡಿತು. ಹಗುರ, ಬೆವರಿಲ್ಲ, ಹಾಡು ಕೋಣೆಯಲ್ಲಿ ಹರಡಿದ ಹಾಗೆ. ಹೊರಗಿನ ಸದ್ದನ್ನು ಮಾತ್ರ ಒಂದಿಷ್ಟೂ ತಡೆಯುವುದಿಲ್ಲ. ಜನವರಿಯ ರಾತ್ರಿ ತೋಟದ ಮನೆಯಲ್ಲಿ ಅದಕ್ಕೆ ಸಾಟಿಯಿಲ್ಲ. ಜೂನ್ ಬಂದರೆ ಕಪಾಟು ಸೇರುತ್ತದೆ.

ವಾಲ್ಯೂಮಿನ ಲೆಕ್ಕ ಒಂದನ್ನು ನೆನಪಿಡಿ. ವಿಶ್ವ ಆರೋಗ್ಯ ಸಂಸ್ಥೆ ದೊಡ್ಡವರಿಗೆ ಹೇಳುವ ಮಿತಿ ವಾರಕ್ಕೆ 80 ಡೆಸಿಬೆಲ್‌ನಲ್ಲಿ 40 ಗಂಟೆ. ಪ್ರತಿ 3 ಡೆಸಿಬೆಲ್ ಏರಿದಂತೆ ಹೊತ್ತು ಅರ್ಧವಾಗುತ್ತದೆ: 83ಕ್ಕೆ 20 ಗಂಟೆ, 86ಕ್ಕೆ 10. ಮಳೆಯ ಮೇಲೆ ಹಾಡು ಕೇಳಬೇಕೆಂದು ವಾಲ್ಯೂಮ್ ಏರಿಸುವವರು ಈ ಮಿತಿಯನ್ನು ಗೊತ್ತಿಲ್ಲದೆಯೇ ದಾಟುತ್ತಾರೆ.

ಕೊಳ್ಳುವಾಗ

ಮಡಿಕೇರಿ, ಗೋಣಿಕೊಪ್ಪ, ಕುಶಾಲನಗರದ ಅಂಗಡಿಗಳಲ್ಲಿ ಸಾಮಾನ್ಯವಾಗಿ ಸೀಲು ಮಾಡಿದ ಪೆಟ್ಟಿಗೆ ಸಿಗುತ್ತದೆ, ಹಾಕಿ ನೋಡಲು ಡೆಮೊ ಪೀಸ್ ಸಿಗುವುದು ಕಷ್ಟ. ಮೈಸೂರಿಗೋ ಬೆಂಗಳೂರಿಗೋ ಹೋದಾಗ ದೊಡ್ಡ ಶೋರೂಮಿನಲ್ಲಿ ಒಂದು ಗಂಟೆ ಕಳೆಯಿರಿ. ಅಲ್ಲಿ ಎಎನ್‌ಸಿ ನೋಡಲು ಏಸಿಯ ಕೆಳಗೆ ನಿಂತು ಆನ್-ಆಫ್ ಮಾಡಿ. ಜನರ ಮಾತಿನ ನಡುವೆ ನಿಂತರೆ ಯಾವುದೂ ಗೊತ್ತಾಗುವುದಿಲ್ಲ.

ಆನ್‌ಲೈನ್ ಆದರೆ ನಿಮ್ಮ ಪಿನ್‌ಕೋಡ್ ಹಾಕಿ ಆಮೇಲೆ ವಾಪಸಾತಿ ನಿಯಮ ಓದಿ. ‘ರಿಟರ್ನ್’ ಎಂದರೆ ಹಣ ವಾಪಸ್, ‘ರಿಪ್ಲೇಸ್‌ಮೆಂಟ್’ ಎಂದರೆ ಕೆಟ್ಟಿದ್ದರೆ ಅದೇ ಇನ್ನೊಂದು. ಕಿವಿ ನೋಯುತ್ತದೆ ಎಂಬುದು ಎರಡನೆಯದರಲ್ಲಿ ಕಾರಣವೇ ಅಲ್ಲ. ಪೆಟ್ಟಿಗೆ ಬಿಚ್ಚುವುದನ್ನು ಒಂದೇ ಓಟದಲ್ಲಿ ವಿಡಿಯೊ ಮಾಡಿ, ಜಿಎಸ್‌ಟಿ ಬಿಲ್ ತೆಗೆದಿಡಿ, ಭಾರತೀಯ ಮಾನಕ ಬ್ಯೂರೊದ (ಬಿಐಎಸ್) ಗುರುತು ಇದೆಯೇ ನೋಡಿ. ಮೊದಲ ದಿನವೇ ಒಂದೇ ಸಮನೆ ಎರಡು ಗಂಟೆ ಹಾಕಿಕೊಳ್ಳಿ, ಎರಡನೆಯ ದಿನ ಬಸ್ಸಿನಲ್ಲಿ ಅಥವಾ ಜನರೇಟರಿನ ಪಕ್ಕ, ಮೂರನೆಯ ದಿನ ಒಂದು ಕರೆ ಮಾಡಿ ಆ ಕಡೆಯವರನ್ನು ಕೇಳಿ. ವಾಪಸಾತಿಯ ಗಡುವು ಮುಗಿಯುವ ತನಕ ಪ್ಲಾಸ್ಟಿಕ್ ಹಾಳೆ, ಟ್ಯಾಗು ಬಿಸಾಡಬೇಡಿ.

ಮಳೆಗಾಲ ಕಳೆಯುವುದು

ಕೃತಕ ಚರ್ಮದ ಮೆತ್ತೆಗೆ ತೇವವೇ ಶತ್ರು. ಪಾಲಿಯುರೆಥೇನ್ ಪದರ ಗಾಳಿಯ ನೀರಿನಂಶದೊಂದಿಗೆ ಸೇರಿ ಒಡೆಯುತ್ತದೆ, ಮೊದಲು ಅಂಟಂಟು, ಆಮೇಲೆ ಕರಿ ಚೂರು ಕಿವಿಗೆಲ್ಲ. ಒಳಗಿನ ಫೋಮು ಬೆವರು ಹೀರಿ ಹಾಗೇ ಕೂತರೆ ಬೂಷ್ಟು. ಆದ್ದರಿಂದ ಮೆತ್ತೆ ಬಿಚ್ಚಿ ಬದಲಿಸಬಹುದಾದ ಮಾದರಿಯೇ ಬೇಕು, ಬಿಡಿ ಮೆತ್ತೆ ಸಿಗುತ್ತದೆಯೇ ಎಂದು ಕೊಳ್ಳುವ ಮೊದಲೇ ಹುಡುಕಿ ನೋಡಿ. ವೆಲ್ವೆಟಿನಂಥ ಬಟ್ಟೆಯ ಮೆತ್ತೆ ಸುಲಿಯುವುದಿಲ್ಲ, ತಂಪು. ಆದರೆ ಸದ್ದು ಸೋರುತ್ತದೆ, ಎಎನ್‌ಸಿ ಹೆಡ್‌ಫೋನಿಗೆ ಹೊರಗಿನಿಂದ ತಂದು ಹಾಕಿದರೆ ಎಎನ್‌ಸಿ ದುರ್ಬಲವಾಗುತ್ತದೆ.

ಸ್ನಾನ ಮಾಡಿ ಒದ್ದೆ ಕೂದಲಿಗೆ ಹಾಕಿಕೊಳ್ಳಬೇಡಿ. ಬಡ್ಸ್ ಹಾಕುವವರು ಕಿವಿ ಪೂರ್ತಿ ಒಣಗುವವರೆಗೆ ಕಾಯಲೇಬೇಕು, ತೇವದ ಹವೆಯಲ್ಲಿ ಮುಚ್ಚಿಟ್ಟ ಕಿವಿಗೆ ಫಂಗಸ್ ಬೇಗ ಹಿಡಿಯುತ್ತದೆ. ಪೆಟ್ಟಿಗೆಯ ಮೇಲೆ ನೀರು ತಡೆಯುವ ಅಂಕಿ ಐಪಿಎಕ್ಸ್4 ಎಂದಿದ್ದರೆ ಹನಿ ಬಿದ್ದರೆ ತೊಂದರೆಯಿಲ್ಲ ಎಂದರ್ಥ, ಮಳೆಯಲ್ಲಿ ನಡೆಯಬಹುದು ಎಂದಲ್ಲ. ದೊಡ್ಡ ಎಎನ್‌ಸಿ ಹೆಡ್‌ಫೋನುಗಳಲ್ಲಿ ಹೆಚ್ಚಿನವಕ್ಕೆ ಆ ಅಂಕಿಯೂ ಇರುವುದಿಲ್ಲ. ಗುಡುಗು-ಮಿಂಚು ಇರುವಾಗ ಚಾರ್ಜಿಗೆ ಹಾಕಬೇಡಿ. ಬಹಳ ದಿನ ಬಳಸದೆ ಇಡುವುದಾದರೆ ಬ್ಯಾಟರಿ ಅರ್ಧದಷ್ಟಿರಲಿ.

ಇಡುವ ಜಾಗ: ರಬ್ಬರ್ ಅಂಚಿನ ಬಿಗಿ ಮುಚ್ಚಳದ ಡಬ್ಬ, ಒಳಗೆ ಬಟ್ಟೆಯ ಚೀಲದಲ್ಲಿ ಸುಮಾರು 100 ಗ್ರಾಂ ಸಿಲಿಕಾ ಜೆಲ್. ಬಣ್ಣ ಬದಲಾಗುವ ಜಾತಿಯದನ್ನು ತಂದರೆ ತೇವ ಕುಡಿದು ತುಂಬಿದ್ದು ಕಣ್ಣಿಗೇ ಕಾಣುತ್ತದೆ. ಆಗ ಅಡುಗೆಗೆ ಬಳಸದ ಹಳೆಯ ಬಾಣಲೆಯಲ್ಲಿ, ಕಿಟಕಿ ತೆರೆದಿಟ್ಟು, ಸಣ್ಣ ಉರಿಯಲ್ಲಿ ಮೊದಲಿನ ಬಣ್ಣ ಬರುವವರೆಗೆ ಕೈಯಾಡಿಸಿ. ಪೂರ್ತಿ ಆರಿದ ಮೇಲೆ ಚೀಲಕ್ಕೆ ಹಾಕಿ. ಬಿಸಿ ಇರುವಾಗಲೇ ಡಬ್ಬಕ್ಕೆ ಸೇರಿಸಿದರೆ ಮೆತ್ತೆಯ ಅಂಟು ಬಿಡುತ್ತದೆ. ಒಲೆಯ ಮೇಲಿನ ಅಟ್ಟದಲ್ಲಿ ಇಟ್ಟರೆ ಬೂಷ್ಟು ಬರುವುದಿಲ್ಲ ನಿಜ, ಹೊಗೆಯ ವಾಸನೆ ಫೋಮು ಹೊಕ್ಕರೆ ಮಾತ್ರ ಮೆತ್ತೆ ಬದಲಿಸುವ ತನಕ ಹೋಗುವುದಿಲ್ಲ.